ಕಲ್ಲುಕೂಸಿಗೆ ಬೆಚ್ಚನೆ ನೀರು

ಸತ್ತ ದೊಡ್ಡವರ ಮುಖ ತೊಳೆಯುವ ಕೆಲಸವನ್ನು ಎನಿಡ್ ಸ್ಕಾಟನ್ ಕಲಿತದ್ದು ಅತ್ತೆ ಕೆಜಾಯಳಿಂದ. ಮದುವೆಯಾಗಿ ವೆಲ್ಬರೋ ಹಳ್ಳಿಗೆ ಬಂದ ವರ್ಷ, 1934ರಲ್ಲಿ, ಈಸ್ಟರ್ ಹಬ್ಬಕ್ಕೆ ವಾರವಿದೆ ಎನ್ನುವಾಗ ಅತ್ತೆ ಅವಳ ಕೈಗೆ ಬಿಸಿನೀರಿನ ಕ್ಯಾನು ಕೊಟ್ಟು, ಹೊಸ ಸೊಸೆಗೆ ಮನೆದೇವರ ಕೋಣೆ ತೋರಿಸುವವಳಂತೆ, ಮುಂದೆ ಮುಂದೆ ನಡೆದಳು. ಚರ್ಚಿನಲ್ಲಿ ನಲ್ಲಿ ಇರಲಿಲ್ಲ. ನೀರನ್ನು ಮನೆಯಲ್ಲೇ ಕಾಯಿಸಿ, ಸಮಾಧಿಗಳ ನಡುವಿನ ಕಾಲುದಾರಿಯಲ್ಲಿ ಹೊತ್ತು ತರಬೇಕಿತ್ತು.

ಬಲಿಪೀಠದ ಎಡಕ್ಕೆ, ಕಬ್ಬಿಣದ ಸರಳುಗಳ ಬಾಗಿಲಿನ ಆಚೆ, ಡೆಲಮೋರ್ ಪ್ರಭುಗಳ ಕೋಣೆ. ನಾಲ್ಕು ನೂರು ವರ್ಷಗಳಲ್ಲಿ ಸತ್ತ ಡೆಲಮೋರರೆಲ್ಲ ಅಲ್ಲಿ ಹಾಲುಬಣ್ಣದ ಕಲ್ಲಾಗಿ ಸಾಲಾಗಿ ಮಲಗಿದ್ದರು. ಗಂಡಸರ ಕಾಲ ಕೆಳಗೆ ಸಿಂಹ, ಹೆಂಗಸರ ಕಾಲ ಕೆಳಗೆ ನಾಯಿಮರಿ. ಎಲ್ಲರ ಕೈಗಳೂ ಎದೆಯ ಮೇಲೆ ಜೋಡಿಸಿದ್ದವು. ಬದುಕಿದ್ದಾಗ ಕೆಲಸ ಮಾಡದ ಕೈಗಳು, ಸತ್ತ ಮೇಲೂ ಮಾಡುತ್ತಿಲ್ಲ ಎಂದು ಎನಿಡ್‌ಗೆ ಅನ್ನಿಸಿದ್ದು ನಿಜ. ಆದರೆ ಅದನ್ನು ಅತ್ತೆಯ ಮುಂದೆ ಹೇಳುವಷ್ಟು ಸಲಿಗೆ ಆಗಿನ್ನೂ ಬೆಳೆದಿರಲಿಲ್ಲ.

"ಮೊದ್ಲು ಒಣಬಟ್ಟೆ. ಆಮೇಲೆ ಸೋಪಿನ ನೀರು, ಆಮೇಲೆ ಬರೀ ನೀರು," ಎಂದಳು ಕೆಜಾಯ. "ನೀರು ಬೆಚ್ಚಗಿರ್ಬೇಕು. ತಣ್ಣೀರಲ್ಲಿ ಯಾರ ಮುಖಾನೂ ತೊಳೀಬಾರ್ದು, ಕಲ್ಲಾದ್ರೂ ಸರಿ. ನಮ್ಮತ್ತೆ ನಂಗೆ ಹೇಳಿದ್ದು, ಈಗ ನಿಂಗೆ ಹೇಳ್ತಿದ್ದೀನಿ."

ಈ ಕೆಲಸಕ್ಕೆ ಯಾರೂ ಅವರನ್ನು ನೇಮಿಸಿರಲಿಲ್ಲ. ಎನಿಡ್‌ಳ ಗಂಡ ಪರ್ಸಿ ಡೆಲಮೋರರ ಬಂಗಲೆಯ ಹಸುಗಳನ್ನು ನೋಡಿಕೊಳ್ಳುತ್ತಿದ್ದ. ಅವರಿದ್ದ ಮನೆ ಬಂಗಲೆಯವರದು. ಆ ಮನೆಗೆ ಹೇಗೆ ಸೋರುವ ಮಾಡು, ಹೊಗೆ ಕಟ್ಟುವ ಒಲೆ ಅಂಟಿಕೊಂಡೇ ಬಂದಿದ್ದವೋ ಹಾಗೆ ಆ ಮನೆಯ ಹೆಂಗಸಿಗೆ ಗೋರಿ ತೊಳೆಯುವ ಕೆಲಸವೂ ಅಂಟಿಕೊಂಡು ಬಂದಿತ್ತು. ಪರ್ಸಿಯ ಹಳೆಯ ಬನಿಯನ್ನುಗಳನ್ನು ಹರಿದು ಬಟ್ಟೆ ಮಾಡುತ್ತಿದ್ದರು. ವರ್ಷಕ್ಕೆರಡು ಸಲ, ಈಸ್ಟರ್‌ಗೆ ಮತ್ತು ಕ್ರಿಸ್ಮಸ್‌ಗೆ, ಹದಿನಾಲ್ಕು ಜನ ಡೆಲಮೋರರ ಮುಖ, ಕೈ, ಅವರ ಸಿಂಹ, ನಾಯಿಗಳಿಗೆ ಸ್ನಾನ. ಹಬ್ಬದ ದಿನ ಬಂಗಲೆಯವರು ಮುಂದಿನ ಸಾಲಿನಲ್ಲಿ ಕೂತು, ತಮ್ಮ ಹಿರಿಯರು ಹೊಳೆಯುವುದನ್ನು ನೋಡಿ, ಹೊಳೆಯುವುದು ಆ ಕಲ್ಲಿನ ಗುಣವೆಂದುಕೊಂಡು ಎದ್ದು ಹೋಗುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ಗೋರಿ ಮೊದಲನೆಯ ಪ್ರಭುವಿನದು. ಅವನ ಬಗ್ಗೆ ಕಲ್ಲಿನಲ್ಲಿ ಇಪ್ಪತ್ತೆರಡು ಸಾಲು ಕೊರೆದಿದ್ದರು. ಪಕ್ಕದಲ್ಲಿ ಮಲಗಿದ್ದ ಹೆಂಡತಿ ಲೇಡಿ ಆನ್‌ಗೆ ಎರಡು ಸಾಲು: ಯಾರ ಮಗಳು, ಯಾರ ಹೆಂಡತಿ, ಹನ್ನೊಂದು ಹೆತ್ತಳು. ಅವಳ ಮೊಣಕೈಯ ಮಡಿಕೆಯಲ್ಲಿ ಆ ಹನ್ನೊಂದನೆಯದು ಇತ್ತು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದ ಕೂಸು, ಮುಷ್ಟಿಯಷ್ಟು ಮುಖ ಮಾತ್ರ ಹೊರಗೆ, ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿತ್ತು. ಅದಕ್ಕೆ ಅಕ್ಷರವೇ ಇರಲಿಲ್ಲ.

"ಹೆಸರಿಡೋ ಮುಂಚೇನೇ ಹೋಯ್ತು. ತಾಯೀನೂ ಅದರ ಹಿಂದೆಯೇ," ಎಂದು ಕೆಜಾಯ ಅದರ ಮೂಗಿನ ತುದಿ ಒರೆಸಿ ಮುಂದೆ ಹೋದಳು.

1938ರ ನವೆಂಬರಿನಲ್ಲಿ ಎನಿಡ್‌ಗೆ ಹೆರಿಗೆಯಾಯಿತು. ಒಂದೂವರೆ ದಿನ ನೋವು ತಿಂದಳು. ಕೊನೆಗೆ ಕೂಸು ಹೊರಬಂದಾಗ ಕೋಣೆಯಲ್ಲಿ ಯಾವ ಸದ್ದೂ ಆಗಲಿಲ್ಲ. ಸೂಲಗಿತ್ತಿ ಅದನ್ನು ಟವೆಲಿನಲ್ಲಿ ಸುತ್ತಿ, ತಾಯಿಯ ಕಡೆಗೆ ಬೆನ್ನು ಮಾಡಿ, ಹೆಣ್ಣು ಎಂದಳು. ನೋಡದಿದ್ದರೇ ಒಳ್ಳೆಯದು ಎಂದಳು. ಎನಿಡ್ ಏಳಲು ನೋಡಿದಳು, ಸೊಂಟದಿಂದ ಕೆಳಗೆ ಮೈ ತನ್ನದಾಗಿರಲಿಲ್ಲ. ಕೆಜಾಯ ಸೇಬು ತುಂಬುವ ಪೆಟ್ಟಿಗೆಯೊಂದನ್ನು ಹುಡುಕಿ ತಂದಳು. ಪರ್ಸಿ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟ. ಅರ್ಧ ಗಂಟೆಯಲ್ಲಿ ವಾಪಸ್ಸು ಬಂದು, ಅಡುಗೆಮನೆಯಲ್ಲಿ ಬೂಟು ಬಿಚ್ಚದೆ ಚಹಾ ಕುಡಿದು, ಹಾಲು ಕರೆಯಲು ಹೋದ.

ಉಸಿರಾಡದ ಕೂಸಿಗೆ ದೀಕ್ಷಾಸ್ನಾನವಿಲ್ಲ. ದೀಕ್ಷಾಸ್ನಾನವಿಲ್ಲದ ಮೇಲೆ ಹೆಸರಿಲ್ಲ, ಪ್ರಾರ್ಥನೆಯಿಲ್ಲ, ಚರ್ಚಿನ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ. ಗುಂಡಿ ತೋಡುವವನು ಎಲ್ಲೋ ಒಂದು ಕಡೆ, ಆ ವಾರ ಸತ್ತ ಯಾರದೋ ಪೆಟ್ಟಿಗೆಯ ಜೊತೆಗೋ ಬೇಲಿಯ ಬುಡದಲ್ಲೋ ಮುಚ್ಚಿಬಿಡುತ್ತಿದ್ದ. ಅದು ಆಗಿನ ರೂಢಿ. ಎದ್ದು ಓಡಾಡುವಂತಾದ ಮೇಲೆ ಎನಿಡ್ ಗಂಡನನ್ನು ಎಲ್ಲಿ ಎಂದು ಕೇಳಿದಳು. ಅದೆಲ್ಲ ನಿನಗ್ಯಾಕೆ ಎಂದ. ಯುದ್ಧ ಶುರುವಾಗಿ ಗುಂಡಿ ತೋಡುವವನು ಸೈನ್ಯಕ್ಕೆ ಸೇರಿ ಅಲ್ಲೇ ಸತ್ತ ಸುದ್ದಿ ಬಂದಾಗ ಎರಡನೆಯ ಸಲ ಕೇಳಿದಳು. ಅವನು ಟೋಪಿ ಹಾಕಿಕೊಂಡು ಹೊರಗೆ ಹೋದ. ಮೂರನೆಯ ಸಲ ಕೇಳಿದ್ದು ಕೆಜಾಯಳನ್ನು ಮಣ್ಣು ಮಾಡಿ ಬಂದ ದಿನ. ನೆನಪಿಲ್ಲ ಎಂದ. ಅವಳು ಮತ್ತೆ ಕೇಳಲಿಲ್ಲ. ಅವಳಿಗೆ ಮತ್ತೆ ಮಕ್ಕಳೂ ಆಗಲಿಲ್ಲ.

ಹೆರಿಗೆಯ ಮರುತಿಂಗಳು ಕ್ರಿಸ್ಮಸ್. ಸೂತಕದ ಮೈಯಲ್ಲಿ ಬೇಡ ಎಂದು ಯಾರೂ ಹೇಳಲಿಲ್ಲ, ಕೆಲಸಕ್ಕೆ ಸೂತಕವಿಲ್ಲ. ಎನಿಡ್ ಕ್ಯಾನು ಹೊತ್ತು ಬಂದು, ಪ್ರಭುವಿನ ಗಡ್ಡ ತೊಳೆದು, ಲೇಡಿ ಆನ್‌ಳ ಕೆನ್ನೆ ತೊಳೆದು, ಮೊಣಕೈಯ ಮಡಿಕೆಗೆ ಬಂದಳು. ಅಂಗೈಯಲ್ಲಿ ನೀರಿನ ಬಿಸಿ ನೋಡಿದಳು. ಕೂಸಿನ ಹಣೆಯ ಮೇಲೆ ಬಟ್ಟೆ ಇಟ್ಟಳು. ಕಲ್ಲು ನಿಧಾನವಾಗಿ ಬೆಚ್ಚಗಾಯಿತು. ಸ್ವಲ್ಪ ಹೊತ್ತು ಹಾಗೇ ಬೆಚ್ಚಗಿತ್ತು.

ಆಮೇಲೆ ಅವಳು ಪ್ರತಿ ಶನಿವಾರ ಬರತೊಡಗಿದಳು. ಉಳಿದ ಹದಿಮೂರು ಮಂದಿಗೆ ವರ್ಷಕ್ಕೆರಡೇ ಸ್ನಾನ, ಕೂಸಿಗೆ ವಾರಕ್ಕೊಂದು. ಸೋಮವಾರ ಬಟ್ಟೆ, ಮಂಗಳವಾರ ಇಸ್ತ್ರಿ, ಬುಧವಾರ ಬಂಗಲೆಯ ಕೋಳಿ ತರಿಯುವುದು, ಗುರುವಾರ ಮಹಡಿಯ ಕೋಣೆಗಳು, ಶುಕ್ರವಾರ ರೊಟ್ಟಿ, ಭಾನುವಾರ ಮಾಂಸದ ಊಟ ಮತ್ತು ಅದರ ಪಾತ್ರೆ. ಇಷ್ಟೆಲ್ಲದರ ನಡುವೆ ಶನಿವಾರದ ಮುಕ್ಕಾಲು ಗಂಟೆಯನ್ನು ಅವಳು ಹೇಗೋ ಕದ್ದು ಇಟ್ಟುಕೊಂಡಳು. ಕದಿಯುವುದು ಸುಲಭವಾಗಿತ್ತು, ಏಕೆಂದರೆ ಕೈಯಲ್ಲಿ ಬಕೆಟ್ಟಿರುವ ಹೆಂಗಸು ಎಲ್ಲಿಗೆ ಹೋಗುತ್ತಿದ್ದಾಳೆ ಎಂದು ಯಾರೂ ಕೇಳುವುದಿಲ್ಲ.

ಚರ್ಚಿನ ಹಿತ್ತಾಳೆ ದೀಪಗಳನ್ನು ಉಜ್ಜಲು ಬರುತ್ತಿದ್ದ ಗೆಳತಿ ಐವಿ ಪೆಲ್ ಮಾತ್ರ ಛೇಡಿಸುತ್ತಿದ್ದಳು. "ನಿನ್ನ ಪ್ರಭುವಿನ ಮೂಗು ಅರ್ಧ ಸವೆದುಹೋಗಿದೆ ಕಣೇ. ಆದ್ರೂ ನಮ್ಮಿಬ್ಬರ ಗಂಡಂದಿರಿಗಿಂತ ಚೆನ್ನಾಗಿದಾನೆ ಬಿಡು. ತೊಳೆದ್ರೆ ಸುಮ್ಮನೆ ತೊಳೆಸ್ಕೋತಾನೆ, ಊಟಕ್ಕೇನು ಅಂತ ಕೇಳಲ್ಲ." ಕೂಸಿನ ವಿಷಯ ಅವಳೂ ಎತ್ತುತ್ತಿರಲಿಲ್ಲ. ಅವಳಿಗೂ ಒಂದು ಸೇಬಿನ ಪೆಟ್ಟಿಗೆಯ ಕತೆ ಇತ್ತು.

ಹೀಗೆ ಮೂವತ್ತೆಂಟು ವರ್ಷ ನಡೆಯಿತು. ಎನಿಡ್‌ಳ ಕೂದಲು ಬಿಳಿಯಾಯಿತು, ಬಟ್ಟೆ ಒಗೆಯುವ ಸೋಡಾದ ನೀರಿಗೆ ಬೆರಳ ಗೆಣ್ಣುಗಳು ಊದಿಕೊಂಡವು. ಕೂಸು ನಿದ್ದೆ ಮಾಡುತ್ತಲೇ ಇತ್ತು. ವರ್ಷ ಕಳೆದಂತೆ ಅದರ ಮುಖ ಇನ್ನೂ ಮೃದುವಾಯಿತು, ತುಟಿಯ ಗೆರೆ ಕರಗಿ ನಗುವಿನ ಹಾಗೆ ಕಾಣತೊಡಗಿತು. ಅದು ತನ್ನ ಕೈಯ ಆರೈಕೆಯಿಂದ ಎಂದು ಎನಿಡ್ ಅಂದುಕೊಂಡಿದ್ದಳು. ಒಂದು ಲೆಕ್ಕಕ್ಕೆ ಅದು ನಿಜವೇ ಆಗಿತ್ತು.

1976ರ ಬೇಸಿಗೆಯಲ್ಲಿ, ಹುಲ್ಲೆಲ್ಲ ಸುಟ್ಟು ಕಂದಾಗಿದ್ದ ದಿನಗಳಲ್ಲಿ, ಗೋರಿಗಳನ್ನು ನೋಡಲು ಲಂಡನ್ನಿನಿಂದ ಮಿಸ್ ಲಾಕ್‌ಯರ್ ಎಂಬ ತಜ್ಞೆ ಬಂದಳು. ಮಣ್ಣುಬಣ್ಣದ ಪ್ಯಾಂಟು ಹಾಕಿದ, ಮೂವತ್ತೈದರ ಹೆಂಗಸು. ಬಂಗಲೆಯವರಿಗೆ ಆ ಕೋಣೆಯನ್ನು ಪ್ರವಾಸಿಗರಿಗೆ ತೆರೆಯುವ ಯೋಚನೆ ಇತ್ತು. ಎರಡು ದಿನ ಅವಳು ಏಣಿ ಹತ್ತಿ, ಮಂಡಿಯೂರಿ, ಭೂತಗನ್ನಡಿ ಹಿಡಿದು, ಒಬ್ಬೊಬ್ಬ ಡೆಲಮೋರನನ್ನೂ ನೋಡಿದಳು. ಹತ್ತಿರದಿಂದ ಆ ಮುಖಗಳನ್ನು ನೋಡಿದ, ಬದುಕಿರುವ ಇನ್ನೊಬ್ಬ ಹೆಂಗಸು ತನ್ನನ್ನು ಬಿಟ್ಟರೆ ಇವಳೇ ಎಂದು ಎನಿಡ್‌ಗೆ ಅವಳ ಮೇಲೆ ಒಂಥರಾ ಪ್ರೀತಿ ಬಂತು. ಎರಡನೆಯ ದಿನ ಮನೆಯಿಂದ ಜೀರಿಗೆ ಕೇಕು ತಂದುಕೊಟ್ಟಳು.

ಆ ಮಧ್ಯಾಹ್ನ ಬಂಗಲೆಯ ಲೇಡಿ ಡೆಲಮೋರ್ ಮತ್ತು ಪಾದ್ರಿ ಫೆನ್ವಿಕ್ ಕೂಡ ಬಂದು ನಿಂತಿದ್ದರು. ಐವಿ ದೀಪ ಉಜ್ಜುತ್ತಿದ್ದಳು. ಮಿಸ್ ಲಾಕ್‌ಯರ್ ಪುಸ್ತಕದಿಂದ ತಲೆಯೆತ್ತಿ, ಇವುಗಳನ್ನು ಯಾರು ಶುಚಿ ಮಾಡುತ್ತಾರೆ ಎಂದು ಕೇಳಿದಳು.

ನಲವತ್ತೆರಡು ವರ್ಷಗಳಲ್ಲಿ ಯಾರೂ ಆ ಪ್ರಶ್ನೆ ಕೇಳಿರಲಿಲ್ಲ. ಪಾದ್ರಿ ಒಂದು ಗಳಿಗೆ ತಡವರಿಸಿದರು, ಅವರಿಗೆ ಗೊತ್ತಿರಲಿಲ್ಲ. ಲೇಡಿ ಡೆಲಮೋರ್ ಪಾದ್ರಿಯ ಮುಖ ನೋಡಿದರು. ಎನಿಡ್ ಏಪ್ರನ್ನಿಗೆ ಕೈ ಒರೆಸಿಕೊಂಡು ಒಂದು ಹೆಜ್ಜೆ ಮುಂದೆ ಬಂದಳು.

"ನಾನು ಮಿಸ್," ಎಂದಳು. "ನಂಗಿಂತ ಮುಂಚೆ ನಮ್ಮತ್ತೆ, ಅವರಿಗಿಂತ ಮುಂಚೆ ಅವರತ್ತೆ. ಒಂದು ಸಲಾನೂ ತಪ್ಪಿಸಿಲ್ಲ. ಬೆಚ್ಚನೆ ನೀರು, ಮೆತ್ತಗಿನ ಸೋಪು. ನಮ್ಮನೇಲೇ ಕಾಯಿಸಿ ತರ್ತೀನಿ."

"ನೀರು?" ಎಂದಳು ಮಿಸ್ ಲಾಕ್‌ಯರ್.

"ಬೆಚ್ಚನೆ ನೀರು."

ಮಿಸ್ ಲಾಕ್‌ಯರ್ ಕೆಟ್ಟವಳಲ್ಲ. ಅವಳು ಪುಸ್ತಕ ಮುಚ್ಚಿ, ಮೆಲ್ಲಗೆ, ಬೇರೆಲ್ಲೋ ನೋಡುತ್ತ ಹೇಳಿದಳು. ಇದು ಅಮೃತಶಿಲೆ ಅಲ್ಲ, ಅಲಬಾಸ್ಟರ್ ಎಂಬ ಮೆದುಗಲ್ಲು. ಉಗುರಿನಿಂದ ಕೆರೆದರೂ ಗೀರು ಬೀಳುತ್ತದೆ. ನೀರಿಗೆ ಕರಗುತ್ತದೆ, ಕಲ್ಲುಸಕ್ಕರೆಯಷ್ಟು ಬೇಗ ಅಲ್ಲ, ಆದರೆ ಕರಗುತ್ತದೆ. ಅದರಲ್ಲೂ ಮೇಲಿನ ಹೊಳಪು ಸೋಪಿಗೆ ಸವೆದುಹೋದ ಮೇಲೆ. ಒಣಗಿದ ಮೃದು ಕುಂಚ ಬಿಟ್ಟು ಬೇರೇನೂ ಅದಕ್ಕೆ ತಾಕಬಾರದು. ಮುಖಗಳು ಹೀಗಾಗಿರುವುದು ಕಾಲದಿಂದಲ್ಲ.

ದೀಪ ಉಜ್ಜುತ್ತಿದ್ದ ಐವಿಯ ಕೈ ನಿಂತಿತ್ತು.

"ಒಂದು ಮಾತ್ರ ನನಗೆ ಅರ್ಥವಾಗ್ತಿಲ್ಲ," ಎಂದು ಮಿಸ್ ಲಾಕ್‌ಯರ್ ಲೇಡಿ ಆನ್‌ಳ ಮೊಣಕೈಯತ್ತ ಬಾಗಿದಳು. "ಮಿಕ್ಕವರಿಗೆ ಮುಖ ಅಂತ ಇನ್ನೂ ಇದೆ. ಈ ಮಗುವಿಗೆ ಏನೂ ಉಳಿದಿಲ್ಲ. ಬೆಣ್ಣೆಮುದ್ದೆ ಥರ ಆಗಿದೆ. ಇದೊಂದಕ್ಕೇ ಯಾಕೆ ಹೀಗೆ?"

ಎಲ್ಲರೂ ಎನಿಡ್‌ಳನ್ನು ನೋಡಿದರು. ಹೇಳಬಹುದಿತ್ತು. ಸೇಬಿನ ಪೆಟ್ಟಿಗೆ, ಟವೆಲು, ಸೂಲಗಿತ್ತಿಯ ಬೆನ್ನು, ಮೂವತ್ತೆಂಟು ವರ್ಷದ ಶನಿವಾರಗಳು. ಆದರೆ ಲೇಡಿ ಡೆಲಮೋರ್ ಕೈಗಡಿಯಾರ ನೋಡಿಕೊಂಡರು. ಇದು ಅವರ ಮನೆಯ ಕೂಸು.

"ಮಕ್ಕಳ ಮುಖ ಬೇಗ ಕೊಳೆಯಾಗತ್ತೆ ಮಿಸ್," ಎಂದಳು ಎನಿಡ್.

ಲೇಡಿ ಡೆಲಮೋರ್ ನಕ್ಕರು. ಪಾದ್ರಿಯೂ, ಕಷ್ಟದ ಗಳಿಗೆ ಕಳೆಯಿತೆಂಬ ಸಮಾಧಾನದಲ್ಲಿ, ನಕ್ಕರು.

ಹೊರಗೆ ಬಂದ ಮೇಲೆ ಐವಿ ಬೈದಳು. "ಬಾಯಿ ಮುಚ್ಕೊಂಡು ಇರೋಕೆ ಆಗ್ಲಿಲ್ವಾ ನಿಂಗೆ? ಯಾರು ತೊಳೆದ್ರು ಅಂತ ಅವಳ ಭೂತಗನ್ನಡೀಲಿ ಬರೆದಿರ್ತಿತ್ತಾ?"

"ಕೇಳಿದ್ಳಲ್ಲ ಐವಿ," ಎಂದಳು ಎನಿಡ್. "ಯಾರೋ ಒಬ್ರು ಕೇಳಿದ್ರಲ್ಲ ಅಂತ."

ಸೆಪ್ಟೆಂಬರಿನಲ್ಲಿ ಸರಳಿನ ಬಾಗಿಲಿಗೆ ಹೊಸ ಬೀಗ ಬಿತ್ತು. ಬೀಗದ ಕೈ ಬಂಗಲೆಯಲ್ಲಿ. ಲೇಡಿ ಡೆಲಮೋರ್ ಅವರು ಸುತ್ತಲಿನ ದೊಡ್ಡ ಮನೆಗಳ ಹನ್ನೆರಡು ಹೆಂಗಸರನ್ನು ಸೇರಿಸಿ ಒಂದು ಬಳಗ ಕಟ್ಟಿದರು. ತಿಂಗಳಿಗೊಂದು ಶನಿವಾರ ಅವರು ಬಂದು, ಬಿಳಿ ಕೈಗವಸು ಹಾಕಿ, ಕುಂಚದಿಂದ ಧೂಳು ಕೊಡವುವರು. ಮಿಸ್ ಲಾಕ್‌ಯರ್ ಅವರಿಗೆ ಒಂದು ಇಡೀ ದಿನ ಪಾಠ ಮಾಡಿದಳು. ಧೂಳು ಕೊಡವುವುದಕ್ಕೆ ಈಗ ಬೇರೆ ಹೆಸರು ಬಂದಿತ್ತು, ಸಂರಕ್ಷಣೆ ಎಂದು. ಮಾಡಿದವರ ಹೆಸರುಗಳನ್ನು ಚೌಕಟ್ಟು ಕಟ್ಟಿಸಿ ಬಾಗಿಲ ಬಳಿ ತೂಗುಹಾಕಿದರು.

ಎನಿಡ್ ಪಾದ್ರಿಯ ಮನೆಗೆ ಹೋದಳು. ಬೇಡಲು ಹೋಗುವವಳು ಹಿಂಬಾಗಿಲಿಂದ ಹೋಗಬೇಕೋ ಮುಂಬಾಗಿಲಿಂದಲೋ ಎಂದು ತಿಳಿಯದೆ ಸ್ವಲ್ಪ ಹೊತ್ತು ಬೇಲಿಯ ಹತ್ತಿರ ನಿಂತಿದ್ದಳು. ನೀರು ಮುಟ್ಟಿಸುವುದಿಲ್ಲ, ಬಟ್ಟೆಯನ್ನೂ ತರುವುದಿಲ್ಲ, ಬೇರೆಯವರನ್ನೆಲ್ಲ ಅವರೇ ನೋಡಿಕೊಳ್ಳಲಿ, ಲೇಡಿ ಆನ್ ಹತ್ತಿರ ಐದು ನಿಮಿಷ ಕುಂಚ ಹಿಡಿದು ನಿಲ್ಲಲು ಬಿಡಿ ಎಂದು ಕೇಳಿಕೊಂಡಳು. ಪಾದ್ರಿ ಫೆನ್ವಿಕ್ ಅವಳನ್ನು ಕುರ್ಚಿಯಲ್ಲಿ ಕೂರಿಸಿದರು. ಯಾರೂ ನಿಮ್ಮನ್ನು ದೂರುತ್ತಿಲ್ಲ ಎಂದರು. ಇಷ್ಟು ವರ್ಷ ದುಡಿದಿದ್ದೀರಿ, ಇನ್ನು ವಿಶ್ರಾಂತಿ ತಗೊಳ್ಳಿ ಎಂದರು. ಬೀಗದ ಕೈ ತಮ್ಮ ಹತ್ತಿರ ಇಲ್ಲವೆಂದರು. ಎದ್ದು ಬರುವಾಗ, ಬಳಗದ ಹೆಂಗಸರಿಗೆ ಶನಿವಾರ ಚಹಾದ ವ್ಯವಸ್ಥೆ ಮಾಡಬೇಕಿದೆ, ಆ ಕಪ್ಪು-ಬಸಿಗಳನ್ನು ನೀವು ನೋಡಿಕೊಂಡರೆ ದೊಡ್ಡ ಉಪಕಾರವಾಗುತ್ತದೆ ಎಂದರು. ಹೂಂ ಎಂದಳು. ಪರ್ಸಿ ಕೆಲಸ ಬಿಟ್ಟು ಎರಡು ವರ್ಷವಾಗಿತ್ತು. ಮನೆ ಇನ್ನೂ ಬಂಗಲೆಯದೇ.

ಚಹಾಕ್ಕಾಗಿ ಚರ್ಚಿನ ಹಿಂದಿನ ಕೋಣೆಗೆ ನಲ್ಲಿ ಹಾಕಿಸಿದರು. ಮೂರು ತಲೆಮಾರಿನ ಹೆಂಗಸರು ನೀರು ಹೊತ್ತ ಜಾಗಕ್ಕೆ ನೀರು ತಾನೇ ನಡೆದು ಬಂತು.

ಪ್ರವಾಸಿಗರಿಗೆಂದು ಒಂದು ಪುಟ್ಟ ಪುಸ್ತಕವೂ ಅಚ್ಚಾಯಿತು. ಎನಿಡ್ ಅದನ್ನು ಬಾಗಿಲ ಬಳಿಯ ಮೇಜಿನ ಮೇಲಿಂದ ತೆಗೆದು, ಚಾಳೀಸು ಮರೆತು ಬಂದಿದ್ದರಿಂದ ಕೈ ಉದ್ದ ಮಾಡಿ ಓದಿದಳು. ಡೆಲಮೋರ್ ವಂಶ, ಶಿಲ್ಪಿಗಳ ಹೆಸರು, ಯಾವ ಕಲ್ಲು ಎಲ್ಲಿಂದ ಬಂತು, ಎಲ್ಲ ಇತ್ತು. ಏಳನೆಯ ಪುಟದಲ್ಲಿ ಒಂದು ಸಾಲು: ಹಳ್ಳಿಯ ಕೆಲಸದ ಹೆಂಗಸರು ತಲೆಮಾರುಗಳಿಂದ ತಿಳಿವಳಿಕೆಯಿಲ್ಲದೆ ತೊಳೆದದ್ದರಿಂದ ಮುಖಗಳು ಸರಿಪಡಿಸಲಾಗದಷ್ಟು ಹಾಳಾಗಿವೆ. ಕೆಜಾಯ, ಕೆಜಾಯಳ ಅತ್ತೆ, ತಾನು, ಮೂವರೂ ಆ ಒಂದು ಸಾಲಿನಲ್ಲಿದ್ದರು. ಚರ್ಚಿನಲ್ಲಿ ಅವರ ಬಗ್ಗೆ ಬರೆದಿದ್ದು ಅದೊಂದೇ.

ಪುಟ ತಿರುಗಿಸಿದರೆ ಚಿತ್ರ. ನೂರೈವತ್ತು ವರ್ಷದ ಹಿಂದೆ ಯಾರೋ ಪೆನ್ನಿನಲ್ಲಿ ಬರೆದಿದ್ದು. ಕಲ್ಲು ಹೊಸದರಂತಿದ್ದಾಗ ಲೇಡಿ ಆನ್ ಮತ್ತು ಅವಳ ತೋಳಿನಲ್ಲಿನ ಕೂಸು. ಎನಿಡ್ ಅದನ್ನು ಬೆಳಕಿಗೆ ಹಿಡಿದಳು. ಕೂಸಿಗೆ ಹುಬ್ಬುಗಳಿದ್ದವು. ಬಾಯಿ ಸ್ವಲ್ಪ ತೆರೆದು, ಏನೋ ಬೇಕು ಎನ್ನುವಂತಿತ್ತು. ಕಣ್ಣುಗಳು ಅಗಲವಾಗಿ ಬಿಟ್ಟಿದ್ದವು.

ಅದು ಯಾವತ್ತೂ ನಿದ್ದೆ ಮಾಡಿರಲಿಲ್ಲ. ಕಣ್ಣು ಮುಚ್ಚಿಸಿದ್ದು ಈ ಹೆಂಗಸರ ಕೈ.

ಮನೆಗೆ ಬಂದಾಗ ಪರ್ಸಿ ಒಲೆಯ ಮುಂದೆ ಕಾಲು ಚಾಚಿ ಕೂತಿದ್ದ. ಅವಳು ಹ್ಯಾಟು ತೆಗೆಯಲಿಲ್ಲ. ಆಲೂಗಡ್ಡೆ ಸುಲಿಯಲು ಕೂರಲಿಲ್ಲ. ಅವನ ಎದುರಿಗೆ ಹೋಗಿ ನಿಂತಳು. ಎಲ್ಲಿ ಎಂದು ಈ ಸಲ ಕೇಳಲಿಲ್ಲ.

"ಪರ್ಸಿ. ಅವಳ ಕಣ್ಣು ತೆರೆದಿತ್ತಾ, ಮುಚ್ಚಿತ್ತಾ?"

ಯಾರದು ಎಂದು ಅವನು ಕೇಳಲಿಲ್ಲ. ಅಷ್ಟು ಮಟ್ಟಿಗೆ ಒಳ್ಳೆಯವನೇ. ಕಾಲು ಒಳಗೆಳೆದುಕೊಂಡ.

"ನಾನು ನೋಡ್ಲಿಲ್ಲ ಕಣೇ," ಎಂದ. "ಟವೆಲ್ ಬಿಚ್ಚಲಿಲ್ಲ. ಗುಂಡಿಯವನು ಇನ್ನೂ ಬಂದಿರ್ಲಿಲ್ಲ. ಅವನ ಸಾಮಾನಿನ ಗುಡಿಸಲ ಬಾಗಿಲಲ್ಲಿ ಪೆಟ್ಟಿಗೆ ಇಟ್ಟು ಬಂದೆ. ಹಾಲು ಕರೆಯೋ ಹೊತ್ತಾಗಿತ್ತು."

"ಬಾಗಿಲಲ್ಲಿ."

"ಹಾಲು ಕರೆಯೋ ಹೊತ್ತಾಗಿತ್ತು," ಎಂದ ಮತ್ತೆ.

ಮೂರು ಸಲ ಕೇಳಿದಾಗಲೂ ಅವನು ಮುಚ್ಚಿಟ್ಟಿದ್ದು ಏನೋ ಇತ್ತೆಂದು ಅವಳು ನಂಬಿದ್ದಳು. ಒಂದಲ್ಲ ಒಂದು ದಿನ, ಮುದುಕನಾಗಿ ಮೆತ್ತಗಾದ ಮೇಲೆ, ಜಾಗ ತೋರಿಸುತ್ತಾನೆಂದು ಒಳಗೊಳಗೇ ಇಟ್ಟುಕೊಂಡಿದ್ದಳು. ಮುಚ್ಚಿಡಲು ಅವನ ಹತ್ತಿರ ಏನೂ ಇರಲೇ ಇಲ್ಲ. ಆ ಮುಖವನ್ನು ನೋಡಿದ್ದವರು ಸೂಲಗಿತ್ತಿಯೂ ಕೆಜಾಯಳೂ. ಇಬ್ಬರೂ ಮಣ್ಣು ಸೇರಿದ್ದರು. ಅವಳು ಹ್ಯಾಟು ತೆಗೆದು ಮೊಳೆಗೆ ಹಾಕಿ, ಆಲೂಗಡ್ಡೆಯ ಬುಟ್ಟಿ ಎಳೆದುಕೊಂಡಳು.

ಮುಂದಿನ ಶನಿವಾರ ಬಳಗದ ಹೆಂಗಸರು ಬಂದರು. ಸರಳುಗಳ ಆಚೆಯಿಂದ ಅವರ ನಗು, ಕುಂಚಗಳ ಸರಸರ ಕೇಳುತ್ತಿತ್ತು. ಯಾರೋ ಒಬ್ಬಾಕೆ, ಅಯ್ಯೋ ಈ ಪಾಪುವಿಗೆ ಮುಖವೇ ಇಲ್ಲವಲ್ಲ ಎಂದಳು. ಚಹಾ ಕುಡಿದು, ಕೇಕು ತಿಂದು, ಕಪ್ಪುಗಳನ್ನು ಬೆಂಚುಗಳ ಮೇಲೆ ಅಲ್ಲಲ್ಲಿ ಬಿಟ್ಟು ಹೋದರು. ಎನಿಡ್ ಹುಡುಕಿ ಹುಡುಕಿ ಹನ್ನೆರಡನ್ನೂ ತಂದಳು. ಕೆಟಲಿನ ನೀರು ತೊಟ್ಟಿಗೆ ಸುರಿದು, ನಲ್ಲಿಯ ನೀರು ಬೆರೆಸಿ, ಅಂಗೈಯಲ್ಲಿ ಬಿಸಿ ನೋಡಿದಳು. ಮೊದಲನೆಯ ಕಪ್ಪನ್ನು ಮುಳುಗಿಸಿ ಬಟ್ಟೆ ಆಡಿಸತೊಡಗಿದಳು.

ಐವಿ ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ಕಾಯುತ್ತಿದ್ದಳು. ಕಾದಳು, ಕಾಲು ಬದಲಿಸಿದಳು, ಮತ್ತೆ ಕಾದಳು.

"ಎಷ್ಟು ಹೊತ್ತೇ ಅದೊಂದನ್ನೇ ತೊಳೀತೀಯ?" ಎಂದಳು, ಯಾವಾಗಲಿನ ತಮಾಷೆಯ ದನಿಯಲ್ಲೇ. "ಹೂವಿನ ಚಿತ್ರ ಅಳಿಸಿ ಹೋದೀತು."

ಹೇಳಿದ ಮೇಲೆ ತಾನು ಏನಂದೆನೆಂದು ಅವಳಿಗೇ ಗೊತ್ತಾಯಿತು. ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದು ನೆಲ ನೋಡಿದಳು. ಎನಿಡ್ ಕಪ್ಪನ್ನು ಎತ್ತಿ ಹಲಗೆಯ ಮೇಲೆ ಬೋರಲಿಟ್ಟಳು. ತೊಟ್ಟಿಯ ಬೂಚು ಎಳೆದು ನೀರೆಲ್ಲ ಹೋಗಲು ಬಿಟ್ಟಳು. ಉಳಿದ ಹನ್ನೊಂದನ್ನು ನಲ್ಲಿಯ ತಣ್ಣೀರಿನಲ್ಲೇ ಒಂದೊಂದಾಗಿ ತೊಳೆದಳು.